ಒರಾಂಗುಟಾನ್ ನೋಡಲು ಒಂದೇ ದಿನ ಇದ್ದರೆ: ಸೆಪಿಲೋಕಾ, ಸೆಮೆಂಗೋನಾ?

"ಬೋರ್ನಿಯೋಗೆ ಹೋಗ್ತಾ ಇದ್ದೀವಿ, ಒರಾಂಗುಟಾನಿಗೆ ಅಂತ ಒಂದೇ ದಿನ ಇಟ್ಟಿದ್ದೀವಿ. ಸೆಪಿಲೋಕ್‌ಗೆ ಹೋಗೋದಾ, ಸೆಮೆಂಗೋಗಾ?" ಈ ಪ್ರಶ್ನೆಯನ್ನು ನನಗೆ ಐದಾರು ಜನ ಕೇಳಿದ್ದಾರೆ. ಎರಡೂ ಬೋರ್ನಿಯೋ ದ್ವೀಪದ ಮಲೇಷ್ಯಾ ಭಾಗದಲ್ಲಿರುವ ಒರಾಂಗುಟಾನ್ ಪುನರ್ವಸತಿ ಕೇಂದ್ರಗಳು. ಫೋನಿನಲ್ಲಿ ಎಷ್ಟು ಹೇಳಿದರೂ ಏನಾದರೂ ಬಿಟ್ಟುಹೋಗುತ್ತದೆ. ಅದಕ್ಕೆ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ. ಸೆಪಿಲೋಕ್‌ಗೆ ನಾನು ಎರಡು ಸಲ ಹೋಗಿದ್ದೇನೆ, ಅದರಲ್ಲಿ ಒಂದು ಸಲ ಅಕ್ಕ ಮತ್ತು ಅವಳ ಇಬ್ಬರು ಮಕ್ಕಳ ಜೊತೆ. ಸೆಮೆಂಗೋಗೆ ಒಂದು ಸಲ, ಅಮ್ಮನ ಜೊತೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬೆಳಗ್ಗೆಯಿಂದ ಸಂಜೆವರೆಗೆ ಪೂರ್ತಿ ದಿನ ಕೊಡಲು ಆಗುವುದಾದರೆ ಸೆಪಿಲೋಕ್. ಅರ್ಧ ದಿನವೇ ಇರುವುದು, ಖರ್ಚೂ ಜಾಸ್ತಿ ಆಗಬಾರದು ಅಂದರೆ ಸೆಮೆಂಗೋ. ಹೀಗೆ ಹೇಳುವುದಕ್ಕೆ ನನ್ನ ಕಾರಣ ಒಂದೇ. ಅಲ್ಲಿಗೆ ಹೋಗುವವರು "ಎಷ್ಟು ಒರಾಂಗುಟಾನ್ ಕಾಣಿಸುತ್ತವೆ" ಅಂತ ಕೇಳುತ್ತಾರೆ. ನಾನು ಕೇಳುವುದು ಇನ್ನೊಂದು: ಒಂದೂ ಕಾಣಿಸದಿದ್ದರೆ ಆ ದಿನ ನಿಮ್ಮ ಕೈಯಲ್ಲಿ ಏನು ಉಳಿಯುತ್ತದೆ?

ಇದು ಸುಮ್ನೆ ಕೇಳಿದ ಪ್ರಶ್ನೆ ಅಲ್ಲ. ಎರಡೂ ಕಡೆ ಒರಾಂಗುಟಾನ್‌ಗಳು ಬೋನಿನಲ್ಲಿಲ್ಲ, ಕಾಡಿನಲ್ಲಿವೆ. ಮರ ಕಡಿದು ತೋಟ ಮಾಡುವಾಗ ತಾಯಿ ಕಳೆದುಕೊಂಡ ಮರಿಗಳು, ಯಾರದೋ ಮನೆಯಲ್ಲಿ ಸರಪಳಿ ಹಾಕಿ ಸಾಕಿದ್ದ ಮರಿಗಳು, ಇಂಥವನ್ನು ತಂದು ಬೆಳೆಸಿ ಮತ್ತೆ ಕಾಡಿಗೆ ಬಿಡುವುದು ಈ ಕೇಂದ್ರಗಳ ಕೆಲಸ. ದಿನಕ್ಕೆ ಎರಡು ಹೊತ್ತು ಕಟ್ಟೆಯ ಮೇಲೆ ಹಣ್ಣು ಇಡುತ್ತಾರೆ. ಬೇಕಾದರೆ ಬಂದು ತಿನ್ನುತ್ತವೆ, ಬೇಡದಿದ್ದರೆ ಇಲ್ಲ. ಸೆಪಿಲೋಕ್‌ನಲ್ಲಿ ಬೇಕಂತಲೇ ದಿನಾ ಅದೇ ರುಚಿಯ ಊಟ ಕೊಡುತ್ತಾ ಬಂದಿದ್ದಾರೆ. ಅದು ಬೇಜಾರಾಗಿ ತಾವೇ ಕಾಡಿನಲ್ಲಿ ಹಣ್ಣು ಹುಡುಕಿಕೊಳ್ಳಲಿ ಅಂತ. ಕಾಡಿನಲ್ಲಿ ಹಣ್ಣಿನ ಕಾಲ ಬಂದರೆ ಕಟ್ಟೆ ಕಡೆ ಒಂದೂ ಸುಳಿಯದ ದಿನಗಳಿರುತ್ತವೆ. ಕೇಂದ್ರದವರಿಗೆ ಬೇಕಾಗಿರುವುದೂ ಅದೇ. ಖಾಲಿ ಕಟ್ಟೆ ನೋಡಿ ಬಂದವರು ಅವರ ಕೆಲಸ ಫಲ ಕೊಟ್ಟ ದಿನವನ್ನೇ ನೋಡಿ ಬಂದಿರುತ್ತಾರೆ. ಆದರೆ ಅಷ್ಟು ದೂರದಿಂದ ಹೋದ ಮಕ್ಕಳಿಗೆ ಅದನ್ನು ಹೇಳಿ ಸಮಾಧಾನ ಮಾಡುವುದು ಕಷ್ಟ, ಅಲ್ವಾ? ಅದಕ್ಕೇ ಆ ಪ್ರಶ್ನೆ.

ಎಲ್ಲಿವೆ, ಹೇಗೆ ಹೋಗುವುದು

ಬೋರ್ನಿಯೋ ಒಂದೇ ದ್ವೀಪ, ಆದರೆ ಮೂರು ದೇಶಗಳಿಗೆ ಸೇರಿದೆ. ಮಲೇಷ್ಯಾದ ಪಾಲಿನಲ್ಲಿ ಎರಡು ರಾಜ್ಯ: ಸಬಾ ಮತ್ತು ಸರವಾಕ್. ಸೆಪಿಲೋಕ್ ಇರುವುದು ಸಬಾದ ಪೂರ್ವ ತುದಿಯಲ್ಲಿ, ಸಂಡಕಾನ್ ಊರಿನಿಂದ ಸುಮಾರು 25 ಕಿಲೋಮೀಟರ್. ಸೆಮೆಂಗೋ ಇರುವುದು ಸರವಾಕ್‌ನಲ್ಲಿ, ಕುಚಿಂಗ್ ನಗರದಿಂದ 20 ಕಿಲೋಮೀಟರ್ ಚಿಲ್ಲರೆ. ನಕ್ಷೆಯಲ್ಲಿ ನೋಡಿ "ಎರಡೂ ಮಾಡಿಬಿಡೋಣ" ಅಂತ ಹೊರಡಬೇಡಿ. ಒಂದು ಈ ತುದಿ, ಇನ್ನೊಂದು ಆ ತುದಿ.

ಬೆಂಗಳೂರಿನಿಂದ ಕೌಲಾಲಂಪುರಕ್ಕೆ ನೇರ ವಿಮಾನದಲ್ಲಿ ನಾಲ್ಕು ಗಂಟೆ ಆಸುಪಾಸು. ಅಲ್ಲಿಂದ ಕುಚಿಂಗ್‌ಗೆ ಎರಡು ಗಂಟೆಯೊಳಗೆ ಇಳಿಯುತ್ತೀರಿ. ಸಂಡಕಾನ್‌ಗೆ ಹತ್ತಿರ ಹತ್ತಿರ ಮೂರು ಗಂಟೆ ಬೇಕು. ಸಬಾದ ರಾಜಧಾನಿ ಕೋಟಾ ಕಿನಬಾಲು ನೋಡಲು ಹೋದವರಾದರೆ ಅಲ್ಲಿಂದ ಸಂಡಕಾನ್‌ಗೆ ವಿಮಾನದಲ್ಲಿ ಒಂದು ಗಂಟೆಯೂ ಇಲ್ಲ, ಬಸ್ಸಿನಲ್ಲಾದರೆ ಆರು ಗಂಟೆ ಹಿಡಿಯುತ್ತದೆ. ಬಸ್ಸಿನಲ್ಲಿ ಹೋಗಿ ಅದೇ ದಿನ ವಾಪಸ್ ಬರುವ ಆಲೋಚನೆ ಇದ್ದರೆ ಬಿಟ್ಟುಬಿಡಿ.

ಇಲ್ಲಿ ಒಂದು ಮುಖ್ಯ ವಿಷಯ. ಸಬಾಕ್ಕೂ ಸರವಾಕ್‌ಗೂ ತಮ್ಮದೇ ಆದ ವಲಸೆ ತಪಾಸಣೆ ಇದೆ. ಕೌಲಾಲಂಪುರದಿಂದ ಹೋದರೂ ಪಾಸ್‌ಪೋರ್ಟ್ ತೋರಿಸಬೇಕು. ದೇಶದೊಳಗಿನ ಪ್ರಯಾಣ ತಾನೇ ಅಂತ ಪಾಸ್‌ಪೋರ್ಟನ್ನು ಹೋಟೆಲಿನ ಲಾಕರಿನಲ್ಲಿ ಬಿಟ್ಟು ಬಂದರೆ ದಿನ ಅಲ್ಲಿಗೇ ಮುಗಿಯಿತು. ವೀಸಾ ವಿಚಾರಕ್ಕೆ ಬಂದರೆ, 2023ರ ಡಿಸೆಂಬರಿನಿಂದ ಭಾರತೀಯರಿಗೆ 30 ದಿನದವರೆಗೆ ವೀಸಾ ಬೇಡ ಎಂಬ ವ್ಯವಸ್ಥೆ ಬಂದಿದೆ, ಅದರ ಅವಧಿಯನ್ನು ಮುಂದುವರಿಸುತ್ತಾ ಬಂದಿದ್ದಾರೆ. ಟಿಕೆಟ್ ಮಾಡಿಸುವ ಮೊದಲು ಈಗಿನ ನಿಯಮ ಒಮ್ಮೆ ನೋಡಿಕೊಳ್ಳಿ. ಆನ್‌ಲೈನಿನಲ್ಲಿ ತುಂಬುವ ಆಗಮನ ಕಾರ್ಡ್ ಒಂದಿದೆ, ಅದನ್ನೂ ಮಲೇಷ್ಯಾ ತಲುಪುವ ಮುಂಚಿನ ಮೂರು ದಿನದೊಳಗೆ ತುಂಬಿ.

ಸೆಪಿಲೋಕ್‌ನ ಒಂದು ದಿನ

1964ರಲ್ಲಿ ಶುರುವಾದ ಕೇಂದ್ರ ಇದು. ಸುತ್ತ ಕಬಿಲಿ-ಸೆಪಿಲೋಕ್ ಎಂಬ ರಕ್ಷಿತ ಕಾಡು, ಸುಮಾರು 43 ಚದರ ಕಿಲೋಮೀಟರ್. ಸೆಪಿಲೋಕ್ ಅಂದರೆ ಒಂದೇ ಜಾಗ ಅಂದುಕೊಂಡಿದ್ದೆ ನಾನು. ಅಲ್ಲ. ಒರಾಂಗುಟಾನ್ ಕೇಂದ್ರ, ಅದರ ಪಕ್ಕದಲ್ಲೇ ಸೂರ್ಯ ಕರಡಿಗಳ ಕೇಂದ್ರ, ಅಲ್ಲಿಂದ ಎರಡು ಕಿಲೋಮೀಟರ್ ಆಸುಪಾಸಿನಲ್ಲಿ ಮಳೆಕಾಡಿನ ಕೇಂದ್ರ. ಮೂರಕ್ಕೂ ಬೇರೆ ಬೇರೆ ಟಿಕೆಟ್, ಹಾಗಾಗಿ ಸೆಮೆಂಗೋಗಿಂತ ಖರ್ಚು ಜಾಸ್ತಿ. ಆದರೆ ನಾನು ಕೇಳಿದ ಆ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಒರಾಂಗುಟಾನ್ ಬರದಿದ್ದರೂ ಇನ್ನೆರಡು ಜಾಗ ನಿಮ್ಮ ದಿನವನ್ನು ತುಂಬುತ್ತವೆ.

ಒರಾಂಗುಟಾನ್‌ಗೆ ಊಟ ಇಡುವುದು ಬೆಳಗ್ಗೆ 10ಕ್ಕೆ, ಮಧ್ಯಾಹ್ನ 3ಕ್ಕೆ. ಬಾಗಿಲಿನಿಂದ ಹಲಗೆ ಹಾಸಿದ ದಾರಿಯಲ್ಲಿ ಆರಾಮಾಗಿ ನಡೆದು ಹೋಗಬಹುದು. ಬ್ಯಾಗು, ತಿಂಡಿ, ನೀರಿನ ಬಾಟಲಿ ಎಲ್ಲ ಲಾಕರಿನಲ್ಲಿ ಇಟ್ಟು ಹೋಗಬೇಕು. ಕೋತಿಗಳಿಗೆ ಮಾತ್ರ ಅಲ್ಲ, ಒರಾಂಗುಟಾನ್‌ಗೂ ಕೈಗೆ ಸಿಕ್ಕಿದ್ದನ್ನು ಕಿತ್ತುಕೊಳ್ಳುವ ಅಭ್ಯಾಸ ಇರುತ್ತದೆ. ನೀರು ಕುಡಿದೇ ಒಳಗೆ ಹೋಗಿ. ಕಟ್ಟೆ ಹತ್ತಿರ ಹೋಗಿ ನಿಂತರೆ ಮೊದಲು ಮರಗಳಿಂದ ಕಟ್ಟೆಗೆ ಕಟ್ಟಿದ ಹಗ್ಗ ಅಲುಗಾಡುತ್ತದೆ. ಪ್ರಾಣಿ ಕಾಣಿಸುವ ಮುಂಚೆಯೇ ಹಗ್ಗದ ಅಲುಗಾಟ ಕಾಣಿಸುತ್ತದೆ, ಅಲ್ಲಿದ್ದ ನೂರು ಜನರೂ ಒಟ್ಟಿಗೆ ಮಾತು ನಿಲ್ಲಿಸುತ್ತಾರೆ. ಆ ಕ್ಷಣ ಇವತ್ತಿಗೂ ನೆನಪಿದೆ. ಕೆಂಗಂದು ಬಣ್ಣದ ತಾಯಿ, ಹೊಟ್ಟೆಗೆ ಅಂಟಿಕೊಂಡ ಮರಿ, ಯಾವ ಅವಸರವೂ ಇಲ್ಲದೆ ಕೈ ಬದಲಿಸುತ್ತಾ ಬಂತು.

ಕಟ್ಟೆಗಿಂತ ನನಗೆ ಜಾಸ್ತಿ ಇಷ್ಟವಾದದ್ದು ಅಲ್ಲಿನ ಮರಿಗಳ ಆಟದ ಜಾಗ. ಗಾಜಿನ ಹಿಂದೆ ತಣ್ಣಗೆ ಎಸಿ ಇರುವ ಹಾಲ್‌ನಲ್ಲಿ ಕೂತು ನೋಡಬಹುದು. ಆಚೆ ಹಗ್ಗ, ಕೊಂಬೆಗಳ ನಡುವೆ ಚಿಕ್ಕ ಒರಾಂಗುಟಾನ್‌ಗಳು ಹತ್ತುವುದನ್ನು ಕಲಿಯುತ್ತಿರುತ್ತವೆ. ಒರಾಂಗುಟಾನ್ ಮರಿ ತಾಯಿಯ ಜೊತೆ ಆರೇಳು ವರ್ಷ ಇರುತ್ತದೆ. ಯಾವ ಹಣ್ಣು ತಿನ್ನಬೇಕು, ರಾತ್ರಿ ಮಲಗಲು ಎಲೆಯ ಗೂಡು ಹೇಗೆ ಕಟ್ಟಬೇಕು, ಎಲ್ಲವನ್ನೂ ತಾಯಿಯನ್ನು ನೋಡಿಯೇ ಕಲಿಯಬೇಕು. ತಾಯಿ ಇಲ್ಲದ ಮರಿಗೆ ಅದನ್ನೆಲ್ಲ ಕಲಿಸಲು ಇಲ್ಲಿನ ಜನ ವರ್ಷಗಟ್ಟಲೆ ಕೂರುತ್ತಾರೆ. ಮೊದಲು ಬೇರೆಯಾಗಿಟ್ಟು ರೋಗ ಇದೆಯಾ ನೋಡುವುದು, ಆಮೇಲೆ ಒಳಗಿನ ಆರೈಕೆ, ಆಮೇಲೆ ಈ ಹೊರಗಿನ ಹಗ್ಗದ ಶಾಲೆ, ಕೊನೆಗೆ ಕಾಡು. ಕೆಲವನ್ನು ಇನ್ನೂ ದೂರದ ತಬಿನ್ ಕಾಡಿಗೆ ಬಿಡುತ್ತಾರೆ. ಅಕ್ಕನ ಚಿಕ್ಕವಳು ಒಂದು ಮರಿ ಮೂರು ಸಲ ಹಗ್ಗದಿಂದ ಜಾರಿ ನಾಲ್ಕನೇ ಸಲ ಹತ್ತಿದ್ದನ್ನು ನೋಡಿ ಎದ್ದು ನಿಂತು ಚಪ್ಪಾಳೆ ತಟ್ಟಿದಳು. "ಚಿಕ್ಕಮ್ಮ, ಅದನ್ನ ಒಂದು ಸಲ ಎತ್ಕೋಬಹುದಾ?" ಅಂತಲೂ ಕೇಳಿದಳು. ಇಲ್ಲ ಅಂದೆ.

ಯಾಕೆ ಇಲ್ಲ ಅನ್ನುವುದನ್ನು ಮಕ್ಕಳಿಗೆ ಹೊರಡುವ ಮುಂಚೆಯೇ ಹೇಳಿ. ನಮ್ಮ ನೆಗಡಿ, ಕ್ಷಯ ಎಲ್ಲ ಅವಕ್ಕೂ ಅಂಟುತ್ತವೆ. ಮನುಷ್ಯರ ಸಲುಗೆ ಬೆಳೆದರೆ ಕಾಡಿನಲ್ಲಿ ಬದುಕುವುದಿಲ್ಲ. ದುಬಾರೆಯಲ್ಲಿ ಆನೆಯ ಮೈ ಮುಟ್ಟಿ ಬಂದವರಿಗೆ ಇಲ್ಲಿ ದೂರ ನಿಲ್ಲುವುದು ಮೊದಲು ನಿರಾಸೆ ಅನ್ನಿಸಬಹುದು. ನನ್ನ ಮಟ್ಟಿಗೆ ಒಳ್ಳೆಯ ಪುನರ್ವಸತಿ ಕೇಂದ್ರವನ್ನು ಗುರುತಿಸುವ ಗುರುತೇ ಇದು. ಮರಿಯನ್ನು ತೊಡೆ ಮೇಲೆ ಕೂರಿಸಿ ಫೋಟೋ ತೆಗೆಸುತ್ತೇವೆ ಅನ್ನುವ ಕಡೆ ದಯವಿಟ್ಟು ಹೋಗಬೇಡಿ, ಅದು ಯಾವ ದೇಶದಲ್ಲಿದ್ದರೂ ಸರಿ.

ಕರಡಿಗಳು

ಇದನ್ನು ತುಂಬ ಜನ ಬಿಟ್ಟುಬಿಡುತ್ತಾರೆ. ಬಿಡಬೇಡಿ. ವನ್ಯಜೀವಿ ತಜ್ಞ ವಾಂಗ್ ಸ್ಯೂ ತೆ 2008ರಲ್ಲಿ ಈ ಕೇಂದ್ರ ಕಟ್ಟಿದರು, 2014ರಲ್ಲಿ ಜನರಿಗೆ ತೆರೆಯಿತು. ಸೂರ್ಯ ಕರಡಿ ಜಗತ್ತಿನ ಎಲ್ಲ ಕರಡಿಗಳಲ್ಲಿ ಚಿಕ್ಕದು. ಎದೆಯ ಮೇಲೆ ಹಳದಿ ಗುರುತು, ಅದೂ ಒಂದೊಂದು ಕರಡಿಗೆ ಒಂದೊಂದು ಥರ. ಗೆದ್ದಲು, ಜೇನು ನೆಕ್ಕಲು ಗೇಣುದ್ದದ ನಾಲಿಗೆ. ಎತ್ತರದ ಕಟ್ಟೆಯ ಮೇಲೆ ನಿಂತು ಕೆಳಗಿನ ಕಾಡಿನಲ್ಲಿ ಅವು ಮರ ಕೆರೆಯುವುದನ್ನು ನೋಡಬಹುದು, ದೂರದರ್ಶಕವನ್ನೂ ಇಟ್ಟಿರುತ್ತಾರೆ.

ಅಲ್ಲಿ ನಿಂತಾಗ ನನಗೆ ನೆನಪಾದದ್ದು ನಮ್ಮೂರಿಗೆ ಬರುತ್ತಿದ್ದ ಕರಡಿ ಆಡಿಸುವವನು. ಮೂಗಿಗೆ ಹಗ್ಗ ಪೋಣಿಸಿದ ಕರಡಿ, ಡಮರುಗ, ಹೆದರಿದ ಮಕ್ಕಳಿಗೆ ಕಟ್ಟಲು ಕರಡಿ ಕೂದಲಿನ ತಾಯಿತ. ಆಗ ಎಲ್ಲರೂ ನಕ್ಕಿದ್ದೆವು. ಆ ಕರಡಿಗಳನ್ನು ಬಿಡಿಸಿ ತಂದು ಸಾಕುವ ಕೇಂದ್ರ ಬನ್ನೇರುಘಟ್ಟದಲ್ಲಿದೆ, 2009ರಲ್ಲಿ ಕೊನೆಯ ಕುಣಿಯುವ ಕರಡಿ ಬಂದು ಸೇರಿದ್ದೂ ಅಲ್ಲಿಗೇ. ಸೆಪಿಲೋಕ್‌ನ ಕರಡಿಗಳ ಕತೆಯೂ ದೂರದ್ದಲ್ಲ. ತಾಯಿಯನ್ನು ಕೊಂದು ಮರಿಯನ್ನು ಸಾಕಲು ಮಾರಿರುತ್ತಾರೆ, ಬೆಳೆದ ಮೇಲೆ ಚಿಕ್ಕ ಬೋನಿಗೆ ತಳ್ಳಿರುತ್ತಾರೆ. ಮೊದಲ ಸಲ ಮಣ್ಣಿಗೆ ಕಾಲಿಡಲು ಕೆಲವಕ್ಕೆ ದಿನಗಟ್ಟಲೆ ಬೇಕಾಗುತ್ತದಂತೆ. ಇದನ್ನು ಅಲ್ಲಿನ ಹುಡುಗನೊಬ್ಬ ಹೇಳುವಾಗ ಅಕ್ಕ ಕಣ್ಣು ಒರೆಸಿಕೊಂಡಳು.

ಈ ಕೇಂದ್ರ ಮಧ್ಯಾಹ್ನ ಮೂರೂವರೆಗೆ ಮುಚ್ಚುತ್ತದೆ. ಅದಕ್ಕೆ ಬೆಳಗ್ಗೆ ಒರಾಂಗುಟಾನ್ ಮುಗಿದ ತಕ್ಷಣ ಇಲ್ಲಿಗೆ ಬನ್ನಿ, ಊಟ ಆಮೇಲೆ.

ಕಾಡಿನ ತಲೆಯ ಮೇಲೆ

ನಮ್ಮದು ತೀರ್ಥಹಳ್ಳಿ ಕಡೆ. ಮಳೆಕಾಡು ನನಗೆ ಹೊಸದಲ್ಲ, ಆಗುಂಬೆ ನೋಡಿಕೊಂಡೇ ಬೆಳೆದವಳು. "ಕಾಡು ನೋಡೋಕೆ ಅಷ್ಟು ದೂರ ಹೋಗಬೇಕಾ" ಅಂತ ಮನೆಯಲ್ಲಿ ಕೇಳಿದ್ದರು. ಆದರೆ ನಮ್ಮ ಕಾಡಿನಲ್ಲಿ ನಾನು ಯಾವತ್ತೂ ಬುಡದಲ್ಲೇ ನಡೆದವಳು. ಕತ್ತೆತ್ತಿದರೆ ಕಾಂಡ, ಅದರಾಚೆ ಎಲೆ, ಅಷ್ಟೇ. ಹಕ್ಕಿಯ ಕೂಗು ಕೇಳುತ್ತದೆ, ಹಕ್ಕಿ ಕಾಣುವುದಿಲ್ಲ. ಮಳೆಕಾಡಿನ ಅರ್ಧ ಬದುಕು ನಡೆಯುವುದು ಮೇಲೆ, ಮರಗಳ ನೆತ್ತಿಯಲ್ಲಿ.

ಸೆಪಿಲೋಕ್‌ನ ಮಳೆಕಾಡಿನ ಕೇಂದ್ರದಲ್ಲಿ 347 ಮೀಟರ್ ಉದ್ದದ ಗಟ್ಟಿ ಉಕ್ಕಿನ ಸೇತುವೆ ಇದೆ, ನೆಲದಿಂದ 25 ಮೀಟರಿಗೂ ಮೇಲೆ. ತೂಗಾಡುವ ಹಗ್ಗದ ಸೇತುವೆ ಅಲ್ಲ, ಅಕ್ಕನ ಮಕ್ಕಳು ಓಡಿಕೊಂಡೇ ಹೋದರು. ಅಲ್ಲಿ ನಿಂತರೆ ಎಲೆಗಳು ನಿಮ್ಮ ಕಣ್ಣಿನ ಮಟ್ಟಕ್ಕೆ ಬರುತ್ತವೆ. ಮಂಗಟ್ಟೆ ಹಕ್ಕಿ ಹಾರಿಹೋದಾಗ ರೆಕ್ಕೆಯ ಸದ್ದು ಕೆಳಗಿನಿಂದ ಬಂತು! ದಾಂಡೇಲಿಯಲ್ಲಿ ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಿದವಳಿಗೆ ಅದು ಬೇರೆಯೇ ಅನುಭವ. ಅಲ್ಲಿನ ದೊಡ್ಡ ಮರಗಳಲ್ಲಿ ಹೆಚ್ಚಿನವು ನಮ್ಮ ಧೂಪದ ಮರದ ಬಳಗ, ಒಂದೇ ಕುಟುಂಬಕ್ಕೆ ಸೇರಿದವು. ಕೊಂಬೆ ಇಲ್ಲದೆ ನೇರ ಮೇಲೆದ್ದ ಕಾಂಡ ನೋಡಿದಾಗಲೇ ಮನಸ್ಸಿಗೆ ಪರಿಚಯದ್ದು ಅನ್ನಿಸಿತ್ತು.

ಬೆಳಗ್ಗೆ 8ಕ್ಕೆ ಬಾಗಿಲು ತೆರೆಯುತ್ತದೆ. ಮೊದಲು ಇಲ್ಲಿಗೇ ಹೋಗಿ. ಒಂಬತ್ತೂವರೆ ಆದ ಮೇಲೆ ಬಿಸಿಲೇರಿ ಹಕ್ಕಿಗಳು ಸುಮ್ಮನಾಗುತ್ತವೆ, ಅಷ್ಟೊತ್ತಿಗೆ ನೀವು ಒರಾಂಗುಟಾನ್ ಕಡೆ ಹೊರಟರೆ 10ರ ಊಟಕ್ಕೆ ಸರಿಯಾಗುತ್ತದೆ.

ಸೆಮೆಂಗೋ ಯಾರಿಗೆ

ಸೆಮೆಂಗೋ ಕಮ್ಮಿ ಅಂತ ನಾನು ಹೇಳುತ್ತಿಲ್ಲ. ಅದರ ಗುಣವೇ ಬೇರೆ. ಕಾಡು ಚಿಕ್ಕದು, 653 ಹೆಕ್ಟೇರ್, ಸೆಪಿಲೋಕ್‌ನ ಆರನೇ ಒಂದು ಪಾಲೂ ಇಲ್ಲ. ಆದರೆ ಸರವಾಕ್‌ನ ಅತ್ಯಂತ ಹಳೆಯ ರಕ್ಷಿತ ಕಾಡು ಇದು, 1920ರದ್ದು. ಕೇಂದ್ರ ಶುರುವಾದದ್ದು 1975ರಲ್ಲಿ. ಈ ಕಾಡಿಗೆ ಸಾಕಾಗುವಷ್ಟು ಒರಾಂಗುಟಾನ್ ಆದ ಮೇಲೆ ಹೊಸ ಮರಿಗಳ ಆರೈಕೆಯನ್ನು ಮಾತಂಗ್ ಎಂಬ ಇನ್ನೊಂದು ಕೇಂದ್ರಕ್ಕೆ ಒಯ್ದರು. ಹಾಗಾಗಿ ಇಲ್ಲಿ ಮರಿಗಳ ಶಾಲೆ ಇಲ್ಲ, ಗಾಜಿನ ಹಾಲ್ ಇಲ್ಲ. ಇರುವುದು ಪಾಠ ಮುಗಿಸಿ ಕಾಡಿನಲ್ಲೇ ನೆಲೆಯಾದ ಒರಾಂಗುಟಾನ್‌ಗಳು ಮತ್ತು ಅವಕ್ಕೆ ಇಲ್ಲೇ ಹುಟ್ಟಿದ ಮಕ್ಕಳು. ಮುಂದೇನಾಗುತ್ತದೆ ಅನ್ನುವುದನ್ನು ನೋಡಬೇಕಾದರೆ ಸೆಮೆಂಗೋಗೆ ಹೋಗಬೇಕು.

ಊಟದ ಹೊತ್ತು ಬೆಳಗ್ಗೆ 9 ಮತ್ತು ಮಧ್ಯಾಹ್ನ 3. ಕುಚಿಂಗ್‌ನಿಂದ ಕಾರಿನಲ್ಲಿ ಮುಕ್ಕಾಲು ಗಂಟೆಯೂ ಬೇಡ, ಸಿಟಿ ಬಸ್ಸೂ ಇದೆ. ಬೆಳಗ್ಗೆ ಎಂಟಕ್ಕೆ ಹೊರಟು ಹನ್ನೊಂದಕ್ಕೆಲ್ಲ ವಾಪಸ್ ಊರಿನಲ್ಲಿರಬಹುದು. ಬಾಗಿಲಿನಿಂದ ಒಳಗೆ ಒಂದು ಕಿಲೋಮೀಟರಿಗೂ ಜಾಸ್ತಿ ಡಾಂಬರು ರಸ್ತೆ, ಏರಿಳಿತ ಇದೆ. ಮಂಡಿ ನೋವಿನವರಿಗೆ ಬ್ಯಾಟರಿ ಗಾಡಿ ಸಿಗುತ್ತದೆ, ಅಮ್ಮ ಅದರಲ್ಲೇ ಹೋದರು.

ನಾವು ಹೋದದ್ದು ಡಿಸೆಂಬರಿನಲ್ಲಿ, ಹಣ್ಣಿನ ಕಾಲ. ಮುಕ್ಕಾಲು ಗಂಟೆ ಕಾದೆವು. ಕಾಡಿನ ಅಧಿಕಾರಿ ಕೂಗಿ ಕರೆದರು, ಮತ್ತೆ ಕರೆದರು. ಯಾರೂ ಬರಲಿಲ್ಲ. ನನಗೆ ಅಮ್ಮನ ಮುಖ ನೋಡಲು ಕಷ್ಟವಾಯಿತು. ಅಮ್ಮ ಮಾತ್ರ, "ಮನೆ ಮಕ್ಕಳು ಹೊಟ್ಟೆ ತುಂಬಿದ್ರೆ ಕರೆದ್ರೂ ಬರಲ್ಲ, ಇವೂ ಹಾಗೇ ಬಿಡು" ಅಂದರು. ವಾಪಸ್ ಬರುವಾಗ ರಸ್ತೆ ಪಕ್ಕದ ಮರದ ತುದಿಯಲ್ಲಿ ಒಂದೇ ಒಂದು ತೋಳು, ಅದರ ಕೆಂಪು ಕೂದಲು ಕಂಡಿತು. ಅಷ್ಟೇ. ಅಮ್ಮ ಇವತ್ತಿಗೂ ಆ ತೋಳಿನ ಬಗ್ಗೆ ಹೇಳುತ್ತಾರೆ. ಆದರೆ ಅವತ್ತು ಮಕ್ಕಳು ಜೊತೆಗಿದ್ದಿದ್ದರೆ, ಕಾಡಿನೊಳಗೆ ಸುತ್ತಾಡಲು ಸೆಪಿಲೋಕ್‌ನಷ್ಟು ಅವಕಾಶ ಇಲ್ಲದ ಜಾಗದಲ್ಲಿ ಅವರನ್ನು ಹೇಗೆ ಒಪ್ಪಿಸುತ್ತಿದ್ದೆನೋ. ಸೆಮೆಂಗೋಗೇ ಹೋಗುವುದಾದರೆ ನವೆಂಬರಿನಿಂದ ಫೆಬ್ರವರಿವರೆಗೆ ಬಿಟ್ಟು ಹೋಗಿ. ಮಾರ್ಚಿನಿಂದ ಸೆಪ್ಟೆಂಬರ್‌ವರೆಗೆ ಎರಡೂ ಕಡೆ ಮಳೆಯೂ ಕಮ್ಮಿ. ಕುಚಿಂಗ್‌ನಲ್ಲಿ ಎರಡು ದಿನ ಇದ್ದರೆ ಬೆಳಗ್ಗೆ ಒಮ್ಮೆ, ಮರುದಿನ ಮಧ್ಯಾಹ್ನ ಒಮ್ಮೆ ಹೋಗಿ. ಹತ್ತಿರ ಇರುವುದರ ಲಾಭ ಅದು.

ಇನ್ನೆರಡು ಹೆಸರು

ಸಂಡಕಾನ್‌ನಲ್ಲಿ ಕಾರಿನವರು ಲಬುಕ್ ಬೇಗೂ ಹೋಗೋಣ ಅನ್ನುತ್ತಾರೆ. ಉದ್ದ ಮೂಗಿನ ಪ್ರೊಬೊಸಿಸ್ ಕೋತಿಗಳು ಅಲ್ಲಿ ಹತ್ತಿರದಿಂದ ಕಾಣುತ್ತವೆ. ಆದರೆ ಅದು ಖಾಸಗಿ ಜಾಗ, ಪುನರ್ವಸತಿ ಕೇಂದ್ರ ಅಲ್ಲ, ಹೋಗಿ ಬರುವುದಕ್ಕೇ ಎರಡು ಗಂಟೆ ಹತ್ತಿರ ಹೋಗುತ್ತದೆ. ಒಂದೇ ದಿನ ಇರುವವರು ಕರಡಿಯನ್ನೋ ಕಾಡನ್ನೋ ಬಿಟ್ಟು ಅಲ್ಲಿಗೆ ಹೋಗುವುದು ಬೇಡ ಅನ್ನುವುದು ನನ್ನ ಮಾತು. ದಾರಿ ಮಾತ್ರ ನೋಡುವಂಥದ್ದು: ಕಣ್ಣು ಹಾಯುವಷ್ಟು ದೂರ ಎಣ್ಣೆ ತಾಳೆ, ಸಾಲು ಸಾಲು, ಒಂದೇ ಹಸಿರು. ಮೊದಲು ಅಲ್ಲೆಲ್ಲ ಕಾಡಿತ್ತು. ಜಗತ್ತಿನಲ್ಲಿ ತಾಳೆ ಎಣ್ಣೆಯನ್ನು ಅತಿ ಹೆಚ್ಚು ತರಿಸಿಕೊಳ್ಳುವ ದೇಶ ನಮ್ಮದೇ. ಬಿಸ್ಕತ್ತು ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುವ ಆ ಎಣ್ಣೆಗೂ ಸೆಪಿಲೋಕ್‌ನ ತಬ್ಬಲಿ ಮರಿಗೂ ಇರುವ ನಂಟು ವಿಮಾನದ ಕಿಟಕಿಯಿಂದಲೇ ಕಾಣುತ್ತದೆ.

ಮಾತಂಗ್ ಕುಚಿಂಗ್‌ನಿಂದ ಸುಮಾರು 35 ಕಿಲೋಮೀಟರ್. ಪ್ರಾಣಿಗಳು ಬಹುತೇಕ ಆವರಣದೊಳಗೆ ಇರುತ್ತವೆ. ಕೇಂದ್ರದ ಕೆಲಸದ ಬಗ್ಗೆ ಆಸಕ್ತಿ ಇರುವವರಿಗೆ ಸರಿ, ಮೊದಲ ಸಲ ಹೋಗುವವರಿಗೆ ಸೆಮೆಂಗೋನೇ ಮೇಲು.

ಊಟ, ಉಂಬಳ

ಸಸ್ಯಾಹಾರಿಗಳು ಒಂದು ಪದ ಕಲಿತು ಹೋಗಿ: ಬೆಲಾಚಾನ್. ಸೀಗಡಿಯನ್ನು ಕೊಳೆಸಿ ಮಾಡುವ ಗೊಜ್ಜು ಅದು, ಬರೀ ಸೊಪ್ಪಿನ ಪಲ್ಯಕ್ಕೂ ಹಾಕುತ್ತಾರೆ. ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ ನಾಸಿ ಲೆಮಾಕ್, ಅದರ ಜೊತೆ ಕೊಡುವ ಖಾರದಲ್ಲಿ ಒಣಮೀನು ಇರುತ್ತದೆ. ಕುಚಿಂಗ್ ದೊಡ್ಡ ಊರು, ಹುಡುಕಿದರೆ ಸಿಗುತ್ತದೆ. ಸೆಪಿಲೋಕ್‌ನಲ್ಲಿ ಆಯ್ಕೆ ಕಮ್ಮಿ. ನಾವು ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ ಲಾಕರಿನಲ್ಲಿಟ್ಟು ಮಧ್ಯಾಹ್ನ ಹೊರಗೆ ಬಂದು ತಿಂದೆವು.

ಮಲೆನಾಡಿನವರಿಗೆ ಉಂಬಳದ, ಅಂದರೆ ಕಾಡಿನ ಜಿಗಣೆಯ, ಬಗ್ಗೆ ಹೇಳಬೇಕಾಗಿಲ್ಲ, ಆದರೆ ಅಲ್ಲಿನದು ಸ್ವಲ್ಪ ಬೇರೆ. ನೆಲದ ಮೇಲಿನ ಕಂದು ಉಂಬಳದ ಜೊತೆ ಎಲೆಯ ಮೇಲೆ ಕಾಯುವ ಪಟ್ಟೆ ಉಂಬಳವೂ ಇದೆ. ನಮ್ಮದು ಕಚ್ಚಿದ್ದೇ ಗೊತ್ತಾಗುವುದಿಲ್ಲ, ಇದು ಕಚ್ಚಿದರೆ ಚುರುಕ್ ಅನ್ನುತ್ತದೆ. ಹಲಗೆ ದಾರಿಯಲ್ಲೂ ಸೇತುವೆಯಲ್ಲೂ ತೊಂದರೆ ಇಲ್ಲ. ಕಾಡಿನ ಕಾಲುದಾರಿಗೆ ಇಳಿಯುವುದಾದರೆ ಮಾತ್ರ ಉದ್ದನೆ ಕಾಲುಚೀಲ ಹಾಕಿ, ತೋಳು ಮುಚ್ಚುವ ಅಂಗಿ ತೊಡಿ.

ಕೊನೆಗೆ ವಿಮಾನದ ವಿಚಾರ. ಸೆಪಿಲೋಕ್‌ಗೆ ಹೋಗುವವರು ಹಿಂದಿನ ರಾತ್ರಿಯೇ ಅಲ್ಲಿಗೆ ಹೋಗಿ ಉಳಿಯಿರಿ, ಕಾಡಿನ ಅಂಚಿನಲ್ಲೇ ತಂಗಲು ಜಾಗಗಳಿವೆ. ವಾಪಸ್ ವಿಮಾನವನ್ನು ಅವತ್ತೇ ಸಂಜೆಗೆ ಹಾಕಬೇಡಿ, ಮರುದಿನ ಬೆಳಗ್ಗೆಗೆ ಹಾಕಿ. ಅಲ್ಲಿ ಸಂಜೆ ಆರಕ್ಕೆಲ್ಲ ಕತ್ತಲು. ಮಳೆಕಾಡಿನ ಕೇಂದ್ರದವರು ಕೆಲವು ದಿನ ಜನರನ್ನು ಕತ್ತಲಲ್ಲಿ ಒಳಗೆ ಕರೆದೊಯ್ಯುತ್ತಾರೆ, ಮೊದಲೇ ಕೇಳಿ ಹೆಸರು ಬರೆಸಬೇಕು. ಸೇತುವೆಯ ಮೇಲೆ ನಿಂತು ಕಾದರೆ ಬೆಳಕು ಪೂರ್ತಿ ಹೋಗುವ ಮುಂಚೆ ಹಾರುಬೆಕ್ಕು (ಹಾರುವ ಅಳಿಲು) ಮರದ ಪೊಟರೆಯಿಂದ ಹೊರಬಂದು, ಕಾಂಡ ಹತ್ತಿ, ಕೈಕಾಲು ಚಾಚಿ ಒಂದು ಮರದಿಂದ ಇನ್ನೊಂದಕ್ಕೆ ತೇಲಿ ಹೋಗುತ್ತದೆ. ನಮ್ಮೂರಿನ ತೋಟದಲ್ಲಿ ಅಜ್ಜ ತೋರಿಸುತ್ತಿದ್ದದ್ದು ಬರೀ ಅದರ ಕಣ್ಣಿನ ಹೊಳಪನ್ನು. ಅದು ಹಾರಿದ್ದನ್ನು ನಾನು ಮೊದಲು ನೋಡಿದ್ದು ಸೆಪಿಲೋಕ್‌ನಲ್ಲಿ.